ಜುಲೈ ಐದರ ಕಪಾಳಮೋಕ್ಷ

ಮೆತೋದ್ ಹವ್ರಿಲ್ಲಾ ತನ್ನ ಅವಳಿ ತಮ್ಮ ಸಿರಿಲನ ಎಡಗಣ್ಣು ಒಡೆದದ್ದು ೧೯೫೪ನೆಯ ಇಸವಿ ಜೂನ್ ೧೨ನೆಯ ತಾರೀಖು, ಶನಿವಾರ, ಸಂಜೆ ಆರು ಗಂಟೆಗೆ. ಸಿರಿಲ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಮೊಣಕಾಲೂರಿದ ಗಳಿಗೆಯಲ್ಲೇ ಇಗರ್ಜಿಯ ಸಂಜೆಯ ಗಂಟೆ ಹೊಡೆದದ್ದರಿಂದ, ಹೊತ್ತಿನ ವಿಷಯದಲ್ಲಿ ಪಾಪ್ಲರ್ ಬೀದಿಯ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಬೆರಳ ಸಂದಿನಿಂದ ಇಳಿಯುತ್ತಿದ್ದುದು ಬರಿಯ ರಕ್ತವಲ್ಲವೆಂಬುದು ಸುತ್ತ ನಿಂತವರಿಗೆ ತಿಳಿಯಲು ಅರೆನಿಮಿಷ ಹಿಡಿಯಿತು.

"ಏಳೋ," ಎಂದ ತಂದೆ ಯುರಾಯ್. "ಎದ್ದು ನಿಂತು ಸೋತೆ ಅಂತ ಹೇಳು. ಆಮೇಲೆ ಬೇಕಾದ್ರೆ ಅಳು."

ಸಿರಿಲ್ ಎದ್ದ. "ಸೋತೆ," ಎಂದ. ಆಮೇಲೂ ಅಳಲಿಲ್ಲ.

ಹೊಡೆದಾಟಕ್ಕೆ ಕಾರಣವಿತ್ತು. ಓಹಾಯೋದ ಮಹೋನಿಂಗ್ ನದಿಯ ದಡದಲ್ಲಿರುವ ಕೋಲ್ಟನ್ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದವನು ತನ್ನ ಮಕ್ಕಳಲ್ಲಿ ಒಬ್ಬನ ಹೆಸರನ್ನು ಫೋರ್‌ಮನ್ನನ ಕಿವಿಗೆ ಹಾಕಬಹುದಾಗಿತ್ತು. ಒಬ್ಬನದು ಮಾತ್ರ. ಯುರಾಯನಿಗಾದರೋ ೧೯೩೬ರ ಜುಲೈ ೫ರಂದು, ಸಂತ ಸಿರಿಲ್ ಮತ್ತು ಸಂತ ಮೆತೋದರ ಹಬ್ಬದ ಭಾನುವಾರ, ಹತ್ತೊಂಬತ್ತು ನಿಮಿಷಗಳ ಅಂತರದಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದ್ದರು. ಮುಖ, ಎತ್ತರ, ತೋಳಿನ ಸುತ್ತಳತೆ, ಶಾಲೆಯ ಅಂಕಗಳು ಎಲ್ಲವೂ ಒಂದೇ. ೧೯೪೯ರಲ್ಲಿ ತೀರಿಕೊಂಡ ತಾಯಿ ಕೂಡ ಕೊನೆಯ ದಿನಗಳಲ್ಲಿ ಒಬ್ಬನನ್ನು ಇನ್ನೊಬ್ಬನ ಹೆಸರಿನಿಂದ ಕರೆದಳು. ಇಬ್ಬರೂ ೧೯೫೪ರ ಜೂನ್ ೧೦ರ ಗುರುವಾರ ಹೈಸ್ಕೂಲು ಮುಗಿಸಿದರು. ಅಂದು ಊಟದ ಹೊತ್ತಿಗೆ ಯುರಾಯ್ ತನ್ನ ತೀರ್ಪು ಹೇಳಿದ:

"ಶನಿವಾರ ಹಿತ್ತಿಲಲ್ಲಿ ಕಾದಾಡಿ. ಗೆದ್ದೋನಿಗೆ ಕುಲುಮೆ. ಸೋತೋನಿಗೆ ಕಾಲೇಜು."

ಪಾಪ್ಲರ್ ಬೀದಿಯಲ್ಲಿ ಇದನ್ನು ಕೇಳಿ ಯಾರೂ ನಗಲಿಲ್ಲ. ಕಾಲೇಜೆಂಬುದು ಶ್ವಾಸಕೋಶ ಸರಿಯಿಲ್ಲದವರಿಗೆ, ಒಂದು ಕಾಲು ಗಿಡ್ಡಾದವರಿಗೆ ದೇವರು ತೆರೆದಿಟ್ಟ ದಾರಿಯೆಂದು ಆ ಬೀದಿ ತಿಳಿದಿತ್ತು. ಕುಲುಮೆಯ ಮುಂದೆ ನಿಂತ ಮೊದಲ ದಿನವೇ ಗಂಟೆಗೆ ಎರಡು ಡಾಲರು. ನಾಲ್ಕು ವರ್ಷ ಓದಿ ಮೇಷ್ಟರಾದವನಿಗೆ ಅಷ್ಟೂ ಇಲ್ಲ. ಈ ಲೆಕ್ಕ ಮೂಗಿನ ಸಿಂಬಳ ಒರೆಸಿಕೊಳ್ಳಲು ಬಾರದ ಕೂಸಿಗೂ ತಿಳಿದಿತ್ತು.

ಹೊಡೆದಾಟದ ನಿಯಮ ಒಂದೇ: ಬರಿಗೈ. ಮುಷ್ಟಿಯೊಳಗೆ ಏನನ್ನಾದರೂ ಹಿಡಿದವನಿಗೆ ಕುಲುಮೆಯೂ ಇಲ್ಲ, ಕಾಲೇಜೂ ಇಲ್ಲ, ಯುರಾಯನ ಹೊಸ್ತಿಲೂ ಇಲ್ಲ. ಅಲ್ಲಿಯ ಹಿತ್ತಿಲುಗಳಿಗೆಲ್ಲ ಕಾರ್ಖಾನೆಯಿಂದ ಬಂದ ಕಬ್ಬಿಣದ ಕಿಟ್ಟವನ್ನೇ ಜಲ್ಲಿಯ ಹಾಗೆ ಹರಡಿರುತ್ತಿದ್ದರು. ಮೂರನೆಯ ಸುತ್ತಿನಲ್ಲಿ ಸಿರಿಲನ ಏಟು ತಿಂದು ಅಂಗಾತ ಬಿದ್ದ ಮೆತೋದ್ ಏಳುವಾಗ ಅಂಗೈಗೆ ಸಿಕ್ಕ, ಗೋಡಂಬಿಯಷ್ಟು ದೊಡ್ಡ, ಗಾಜಿನಷ್ಟು ಚೂಪಾದ ಒಂದು ಕಿಟ್ಟದ ಚೂರನ್ನು ಬಿಡದೆ ಎದ್ದ. ಎರಡು ಬೆರಳುಗಳ ನಡುವಿನಿಂದ ಅದರ ಮೊನೆ ಹೊರಗೆ ಚಾಚಿತ್ತು. ಹೊಡೆದಾದ ಮೇಲೆ ಬೇಲಿಯಾಚೆ ಎಸೆದ. ನೋಡಿದವರು ಯಾರೂ ಇಲ್ಲವೆಂದೇ ಅವನ ನಂಬಿಕೆ.

ಹೀಗೆ ಕುಲುಮೆ ಮೆತೋದನದಾಯಿತು. ಈ ಚೂರಿನ ಸಂಗತಿ ಬಾಯಿಬಿಟ್ಟರೆ ಕುಲುಮೆ, ಮನೆ, ತಂದೆ ಮೂರೂ ಕೈತಪ್ಪುತ್ತವೆ. ಬಿಡದಿದ್ದರೆ ತಮ್ಮನ ಮುಖವನ್ನು ನೆಟ್ಟಗೆ ನೋಡುವಂತಿಲ್ಲ. ಅಂದಿನಿಂದ ಅವನು ಯಾವಾಗಲೂ ಸಿರಿಲನ ಎಡಗಡೆಗೇ, ಕುರುಡುಗಣ್ಣಿನ ಕಡೆಗೇ, ಕೂಡುವುದನ್ನು ರೂಢಿ ಮಾಡಿಕೊಂಡ.

ಯುರಾಯನ ತಂದೆ, ಯುರಾಯ್ ಬಿಟ್ಟುಬಂದ ಕಡಲಾಚೆಯ ಹಳೆಯ ದೇಶದಲ್ಲಿ, ಸುಗ್ಗಿ ಮುಗಿದ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಯಾರು ಕೊಯ್ದ ಸಿವುಡು ಕಡಿಮೆಯೋ ಅವನ ಕೆನ್ನೆಗೆ ಎಲ್ಲರೆದುರು ಒಂದು ಬಾರಿಸುತ್ತಿದ್ದನಂತೆ. ಏಟು ತಿಂದವನೇ ಹೋಗಿ ಬಿಯರು ತರಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಕೋಲ್ಟನ್ನಿನಲ್ಲಿ ಸಿವುಡಿಲ್ಲ, ಸಂಬಳದ ಚೀಟಿಯಿದೆ. ೧೯೫೫ರ ಜುಲೈ ೫ರ ಮಂಗಳವಾರ, ಮಕ್ಕಳ ಹುಟ್ಟುಹಬ್ಬದ ಊಟದಲ್ಲಿ, ಎಲೆಕೋಸು ಬೆರೆಸಿದ ಹಿಟ್ಟುಂಡೆ ಹಲುಷ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಯುರಾಯ್ ಮೇಜು ಕುಟ್ಟಿದ. ಮೆತೋದ್ ತನ್ನ ಚೀಟಿ ಇಟ್ಟ.

"ಎಲ್ಲೋ ನಿಂದು?" ಎಂದು ಯುರಾಯ್ ಸಿರಿಲನನ್ನು ಕೇಳಿದ.

"ನಾನು ಓದ್ತಾ ಇದೀನಲ್ಲಪ್ಪ. ಚೀಟಿ ಎಲ್ಲಿಂದ ತರ್ಲಿ?"

"ಓದೋದಕ್ಕೆ ಎಷ್ಟು ಕೊಡ್ತಾರೆ?"

"ಕೊಡಲ್ಲ. ನಾವೇ ಕೊಡ್ಬೇಕು."

"ಹಂಗಾದ್ರೆ ಇನ್ನೂ ಸ್ವಲ್ಪ ಗಟ್ಟಿಯಾಗೇ ಬೀಳ್ಬೇಕು," ಎಂದು ಯುರಾಯ್ ಎದ್ದು, ಮೂವತ್ತು ವರ್ಷ ಸನಿಕೆ ಹಿಡಿದ ಕೈಯಿಂದ ಮಗನ ಕೆನ್ನೆಗೆ ಬಿಟ್ಟ. ಸಿರಿಲನ ತಲೆ ಗೋಡೆಗೆ ಬಡಿಯಿತು. ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೂ ಅವನು ಟೋಪಿ ಹಾಕಿಕೊಂಡು ಬಿಯರು ತರಲು ಹೊರಟ.

ಅದು ವರ್ಷಾವಧಿಯಾಯಿತು. ೧೯೫೮ರ ಜೂನ್ ೮ರ ಭಾನುವಾರ ಸಿರಿಲ್ ರಸಾಯನಶಾಸ್ತ್ರದಲ್ಲಿ ಪದವಿ ಪಡೆದ. ಅವನ ಪಕ್ಕದ ಬೆಂಚಿನಲ್ಲೇ ಕೂತು, ಅವನಿಗಿಂತ ಎರಡು ಅಂಕ ಕಡಿಮೆಯಾಗಿ ಅದೇ ಪದವಿ ಪಡೆದವನು ಕಾರ್ಖಾನೆಯ ಫೋರ್‌ಮನ್ನನ ಮಗ ಗ್ವಿಲಿಮ್ ಪ್ರೈಸ್. ಇಬ್ಬರೂ ಜೂನ್ ೧೬ರಂದು ಕಾರ್ಖಾನೆಯ ಪ್ರಯೋಗಶಾಲೆಗೆ ಅರ್ಜಿ ಹಾಕಿದರು. ಪ್ರೈಸನಿಗೆ ಮಾರನೆಯ ದಿನವೇ ಕುರ್ಚಿ ಸಿಕ್ಕಿತು. ಸೀಸೆ, ತಕ್ಕಡಿ ಬಿಟ್ಟರೆ ಬೇರೇನೂ ಇಲ್ಲದ ಆ ಕೋಣೆಯಲ್ಲಿ ಒಕ್ಕಣ್ಣನಿರುವುದು ಅಪಾಯವೆಂದು ಸಿರಿಲನಿಗೆ ಹೇಳಿ ಕಳಿಸಿದರು. ಅವನು ಸೆಪ್ಟೆಂಬರ್ ೨ರಿಂದ ಊರಿನ ಹೈಸ್ಕೂಲಿನಲ್ಲಿ ಮೇಷ್ಟರಾದ. ಈಗ ಅವನಿಗೂ ಚೀಟಿ ಬಂತು. ಆದರೆ ಅದು ಯಾವ ವರ್ಷವೂ ಅಣ್ಣನ ಚೀಟಿಯ ಸಮಕ್ಕೆ ಬರಲಿಲ್ಲ. ೧೯೫೯ರಲ್ಲಿ ದೇಶದ ಉಕ್ಕಿನ ಕಾರ್ಖಾನೆಗಳಲ್ಲೆಲ್ಲ ಮುಷ್ಕರವಾಯಿತಷ್ಟೆ. ಅದು ಜುಲೈ ೧೫ಕ್ಕೆ ಆರಂಭವಾದ್ದರಿಂದ, ಹತ್ತು ದಿನಗಳ ಅಂತರದಲ್ಲಿ ಆ ವರ್ಷವೂ ಸಿರಿಲನೇ ಏಟು ತಿಂದ.

ಅವನ ಹೆಂಡತಿ ಹೆಲೆನ್ ಒಮ್ಮೆ ಜೊತೆಗೆ ಬಂದು ಇದನ್ನು ಕಂಡಳು. "ಇದೇನು ಮನೆಯಾ, ಗರಡಿಯಾ?" ಎಂದಳು ಹಿಂದಿರುಗುವಾಗ. "ಮೂವತ್ತು ಹುಡುಗರಿಗೆ ಪಾಠ ಹೇಳೋ ಮನುಷ್ಯ, ಹೋಗಿ ಕೆನ್ನೆ ಕೊಡ್ತೀರಲ್ಲ."

"ಹೋಗದಿದ್ರೆ ಹೆದರ್ದ ಅಂತಾರೆ," ಎಂದ ಸಿರಿಲ್.

ಮೆತೋದನ ಸಂಬಳವೇನೂ ಪುಕ್ಕಟೆ ಬರುತ್ತಿರಲಿಲ್ಲ. ೧೯೬೧ರ ಫೆಬ್ರುವರಿ ೯ರಂದು ಬೆಳಗಿನ ಪಾಳಿಯಲ್ಲಿ ಯಾರೋ ಮಂಜು ಅಂಟಿದ್ದ ಹಳೆಯ ಕಬ್ಬಿಣವನ್ನು ಒರೆಸದೆ ಕುದಿಯುವ ಉಕ್ಕಿಗೆ ಸುರಿದರು. ಮಂಜು ಒಂದೇ ಕ್ಷಣದಲ್ಲಿ ಹಬೆಯಾಗಿ ಸಿಡಿಯಿತು. ಕುಲುಮೆಯ ಬಾಯಿಂದ ಉಕ್ಕಿನ ಮಳೆ ಹಾರಿತು. ಮೆತೋದನ ಬಲಕ್ಕಿದ್ದ ಇಬ್ಬರು ನಿಂತಲ್ಲೇ ಹೊತ್ತಿಕೊಂಡರು. ಒಬ್ಬ ಓಡಿದ, ಒಬ್ಬ ಓಡಲಿಲ್ಲ. ಓಡಿದವನನ್ನು ಮೆತೋದ್ ಕೆಡವಿ, ಮೇಲೆ ಬಿದ್ದು, ತನ್ನ ಕೋಟಿನಿಂದ ಆರಿಸಿದ. ಆತ ಮೂರನೆಯ ದಿನ ಸತ್ತ. ಮೆತೋದನ ಬಲಗಿವಿಯ ಅಂಚು ಮೇಣದಂತೆ ಕರಗಿ ಕೆನ್ನೆಗೆ ಅಂಟಿತು. ಆ ವರ್ಷದ ಜುಲೈ ೫ರಂದು ತಮ್ಮನ ಕೆನ್ನೆಗೆ ಬೀಳುವ ಏಟನ್ನು ನೋಡುತ್ತ, ತಾನು ಈಗ ಏನನ್ನೋ ತೀರಿಸಿದ್ದೇನೆ ಎಂದು ಅಂದುಕೊಳ್ಳಲು ಅವನು ಬಹಳ ಪ್ರಯತ್ನಪಟ್ಟ. ಆಗಲಿಲ್ಲ. ಕಿವಿ ಕಳೆದದ್ದು ಹಬೆ. ಕಣ್ಣು ಕಳೆದದ್ದು ತಾನು.

೧೯೬೩ರ ಜೂನ್ ೧೫ರ ಶನಿವಾರ ಸೇತುವೆಯ ಪಕ್ಕದ ಬಾರಿಗೆ ಗ್ವಿಲಿಮ್ ಪ್ರೈಸ್ ಬಂದ. ಹಿಂದಿನ ದಿನ ಅವನು ಪ್ರಯೋಗಶಾಲೆಗೇ ಮುಖ್ಯಸ್ಥನಾಗಿದ್ದ. ಎಲ್ಲರಿಗೂ ತನ್ನ ಲೆಕ್ಕದಲ್ಲಿ ಕೊಡಿಸುತ್ತ ಮೆತೋದನ ಬಳಿಗೂ ಬಂದು ಕೂತ.

"ಏನಪ್ಪಾ, ಮೇಷ್ಟ್ರು ಹೆಂಗಿದಾರೆ?" ಎಂದ. "ನಾವಿಬ್ರೂ ಒಂದೇ ಬೆಂಚು. ಪರೀಕ್ಷೇಲಿ ನನಗಿಂತ ಅವನೇ ಮುಂದು, ಇಲ್ಲ ಅನ್ನಲ್ಲ. ಈಗ ನೋಡು, ನನ್ನ ಒಂದು ತಿಂಗಳಿಗೆ ಅವನ ಮೂರು ತಿಂಗಳು."

"ಪುಸ್ತಕ ಒಂದೇ ಅಂದ್ಮೇಲೆ ಸಂಬಳ ಯಾಕೆ ಬೇರೆ?"

"ಪುಸ್ತಕ ಓದೋಕೆ ಒಂದು ಕಣ್ಣು ಸಾಕು ಕಣಪ್ಪ. ದುಡ್ಡು ಮಾಡೋಕೆ ಎರಡೂ ಬೇಕು."

ಮೆತೋದ್ ಲೋಟವನ್ನು ನಿಧಾನವಾಗಿ ಕೆಳಗಿಟ್ಟ. ಮುಷ್ಟಿಯಲ್ಲಿ ಏನೂ ಇರಬಾರದೆಂಬ ಎಚ್ಚರ ಆ ಸಿಟ್ಟಿನಲ್ಲೂ ಅವನಿಗಿತ್ತು. ಮೊದಲ ಏಟಿಗೆ ಪ್ರೈಸನ ಮುಂದಿನ ಎರಡು ಹಲ್ಲು ಕಡಲೆಬೀಜದ ಬಟ್ಟಲಿಗೆ ಬಿದ್ದವು. ಎರಡನೆಯದಕ್ಕೆ ದವಡೆ ಕಳಚಿತು. ನೆಲಕ್ಕೆ ಬಿದ್ದವನ ಎದೆಯ ಮೇಲೆ ಮೊಣಕಾಲೂರಿ ಮೆತೋದ್ ಹೊಡೆಯುತ್ತಲೇ ಇದ್ದ. ನಾಲ್ವರು ಸೇರಿ ಎಳೆಯಬೇಕಾಯಿತು. ಕಾರ್ಮಿಕ ಸಂಘದವರು ಅಡ್ಡ ಬಂದದ್ದರಿಂದ ಕೆಲಸ ಉಳಿಯಿತು, ಏಳು ದಿನಗಳ ಸಂಬಳ ಹೋಯಿತು.

ಸಂಬಳ ಹದಿನೈದು ದಿನಕ್ಕೊಮ್ಮೆ. ಜೂನ್ ೨೮ರ ಚೀಟಿಯಲ್ಲಿ ಮೂರು ದಿನಗಳ ಕೂಲಿ ಮಾತ್ರ ಇತ್ತು: ಎಪ್ಪತ್ತೇಳು ಡಾಲರು. ಸಿರಿಲನದು ನೂರ ತೊಂಬತ್ತೆರಡು. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಏಟು ಮೆತೋದನ ಪಾಲಿಗೆ ಬಂದಿತ್ತು. ಕಾರ್ಖಾನೆಯಲ್ಲಿ ಉಕ್ಕಿನ ಮಳೆಗೆ ಹೆದರದವನು ಜುಲೈ ೫ರ ಶುಕ್ರವಾರ ಬೆಳಗ್ಗೆ ಪೆಟ್ಟಿಗೆ ತೆರೆದು ಜೂನ್ ೧೪ರ ಹಳೆಯ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಏಟಿನ ನೋವಿಗೆ ಅವನು ಅಂಜಲಿಲ್ಲ. ಒಮ್ಮೆ ಸೋತವನಾದರೆ, ಮೊದಲ ಗೆಲುವೂ ತನ್ನದಲ್ಲವೆಂದು ಬಾಯಿಂದ ತಾನಾಗಿ ಹೊರಬಿದ್ದೀತೆಂದು ಅಂಜಿದ.

ಯುರಾಯನಿಗೆ ಓದಲು ಅಂಕಿ ಮಾತ್ರ ಬರುತ್ತಿತ್ತು, ಅದರಲ್ಲೂ ಅವನು ನೋಡುತ್ತಿದ್ದುದು ಕೊನೆಯ ಸಾಲನ್ನಷ್ಟೆ. ಸಿರಿಲ್ ಹಾಗಲ್ಲ. ಅವನ ಒಂದೇ ಕಣ್ಣು ಅಣ್ಣ ಊಟದ ಮೇಜಿನ ಮೇಲಿಟ್ಟ ಚೀಟಿಯ ಮೇಲ್ತುದಿಗೆ ಹೋಯಿತು. ತೋರುಬೆರಳು ತಾರೀಖಿನ ಮೇಲೆ ಬಂದು ನಿಂತಿತು.

"ಏನದು?" ಎಂದ ಯುರಾಯ್.

"ಏನಿಲ್ಲಪ್ಪ. ಮಸಿ ಅಂಟಿತ್ತು," ಎಂದು ಸಿರಿಲ್ ಬೆರಳೆತ್ತಿ, ಕೆನ್ನೆ ಕೊಟ್ಟ. ಆ ಸಲದ ಏಟಿಗೆ ಅವನ ತುಟಿ ಒಡೆಯಿತು. ಟೋಪಿ ಹಾಕಿಕೊಳ್ಳುತ್ತ ಬಾಗಿಲ ಬಳಿ ಅಣ್ಣನಿಗಷ್ಟೇ ಕೇಳುವಂತೆ ಹೇಳಿದ: "ಪ್ರೈಸನ ಹಲ್ಲು ಕಡಲೆಬೀಜಕ್ಕೆ ಬಿತ್ತಂತೆ. ಯಾರಾದ್ರೂ ತಿಂದ್ರೋ ಏನೋ."

ಮೆತೋದ್ ನಗಲಿಲ್ಲ. ಅವನಿಗೀಗ ಬಚ್ಚಿಡಲು ಎರಡು ವಸ್ತುಗಳಾದವು.

ಹೀಗೆಯೇ ೧೯೭೭ರವರೆಗೆ ಸಾಗಿತು. ಮೆತೋದ್ ಮದುವೆಯಾಗಲಿಲ್ಲ, ತಂದೆಯ ಜೊತೆಗೇ ಉಳಿದ. ಗಂಟೆಗೆ ಎಂಟೂವರೆ ಡಾಲರಿಗೆ ಬಂದ. ಸಿರಿಲನ ಕೂದಲು ನರೆಯಿತು, ಕೆನ್ನೆ ಮಾತ್ರ ಪ್ರತಿ ಜುಲೈನಲ್ಲೂ ಕೆಂಪಾಯಿತು. ೧೯೭೮ರ ಜನವರಿ ೨೭ರ ಶುಕ್ರವಾರ ಕಾರ್ಖಾನೆಯ ಕೊನೆಯ ಕುಲುಮೆ ಆರಿತು. ಪ್ರೈಸ್ ಮತ್ತು ಮೇಲಿನ ಕೋಣೆಗಳವರನ್ನು ಅದೇ ಸಂಬಳಕ್ಕೆ ಬೇರೆ ರಾಜ್ಯಕ್ಕೆ ಕಳಿಸಿದರು. ಕೆಳಗಿನವರ ಕೈ ಕುಲುಕಿದರು. ಮಾರ್ಚ್ ೧೬ರಂದು ಯುರಾಯನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಾಯಿತು.

ಮೆತೋದ್ ಕೆಲಸಕ್ಕಾಗಿ ಅಲೆದ. ಎಲ್ಲ ಅರ್ಜಿಗಳ ಮೊದಲ ಪ್ರಶ್ನೆ ಒಂದೇ: ಎಷ್ಟು ವರ್ಷ ಓದಿದ್ದೀರಿ? ಹನ್ನೆರಡು ಎಂದು ಬರೆದ. ಮೇ ೩ರ ಬುಧವಾರ ಉದ್ಯೋಗ ಕಚೇರಿಯ ಗುಮಾಸ್ತ, ಮೆತೋದನಿಗೆ ಮಗನಿದ್ದಿದ್ದರೆ ಅವನ ವಯಸ್ಸಿನವನು, ಅರ್ಜಿಯನ್ನು ನೋಡಿ ಹೇಳಿದ: "ಹನ್ನೆರಡು ವರ್ಷದವರು ಹೊರಗಡೆ ನೂರು ಜನ ನಿಂತಿದಾರೆ ಸಾರ್. ಇನ್ನು ನಾಲ್ಕು ವರ್ಷ ಓದ್ಬೇಕಿತ್ತು ನೀವು." ಮೆತೋದ್ ಅವನನ್ನು ಹೊಡೆಯಲಿಲ್ಲ. ಅವನ ಮುಂದಿದ್ದ ಗಾಜಿಗೆ ಹೊಡೆದ. ಮುಷ್ಟಿ ಗಾಜಿನಾಚೆಗೆ ಹೋಗಿ, ಹಿಂದೆ ಬರುವಾಗ ತೋಳು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತು. ಹನ್ನೊಂದು ಹೊಲಿಗೆ.

೧೯೭೮ರ ಜುಲೈ ೫, ಬುಧವಾರ, ಮಧ್ಯಾಹ್ನ ಹನ್ನೆರಡೂವರೆಗೆ ಸಿರಿಲ್ ಬಂದ. ಮೆತೋದ್ ಹಲುಷ್ಕಿ ಬಡಿಸಿದ್ದ, ತಂದೆಯ ಕೊರಳಿಗೆ ಬಟ್ಟೆ ಕಟ್ಟಿದ್ದ. ಯುರಾಯ್ ಎಡಗೈಯಿಂದ ಮೇಜು ಕುಟ್ಟಿದ. ಸಿರಿಲ್ ಚೀಟಿ ಇಟ್ಟ: ಐನೂರ ಹದಿನೆಂಟು. ಮೆತೋದ್ ಎರಡು ಖಾಲಿ ಅಂಗೈಗಳನ್ನು ಇಟ್ಟ. ಹೊಲಿಗೆಯ ಗುರುತು ಇನ್ನೂ ನೇರಳೆಯಾಗಿತ್ತು.

"ನನ್ನ ಕೈ ಏಳಲ್ಲ," ಎಂದು ಯುರಾಯ್ ಸೊಟ್ಟಬಾಯಲ್ಲಿ ಉಗುಳುತ್ತ ಹೇಳಿದ. "ಸಿರೋ, ನೀನು ಹೊಡಿ."

"ಬಿಡಪ್ಪ. ಊಟ ಮಾಡೋಣ," ಎಂದ ಸಿರಿಲ್. "ಕೆಲಸ ಹೋದೋನಿಗೆ ಏನು ಹೊಡೆಯೋದು."

ಆ ಕನಿಕರ ಮೆತೋದನಿಗೆ ಗಾಜಿಗಿಂತ ಆಳಕ್ಕಿಳಿಯಿತು. ಇಪ್ಪತ್ತಮೂರು ಏಟುಗಳನ್ನು ಇವನು ತಿಂದಿದ್ದಾನೆ. ತನಗೆ ಒಂದನ್ನೂ ಕೊಡದೆ ಇವನು ಎದ್ದುಹೋದರೆ ತಾನು ಸಾಯುವ ತನಕ ಇವನ ಕುರುಡುಗಣ್ಣಿನ ಕಡೆಗೇ ಕೂತಿರಬೇಕು. ಅವನು ಎದ್ದು, ಮೇಜನ್ನು ಸುತ್ತಿ, ತಮ್ಮನ ಬಲಕ್ಕೆ, ಕಾಣುವ ಕಣ್ಣಿನ ಎದುರಿಗೆ ಬಂದು ನಿಂತ.

"ಹೊಡಿ. ಅವತ್ತು ನನ್ನ ಕೈಯಲ್ಲಿ ಕಿಟ್ಟದ ಚೂರಿತ್ತು."

ಯುರಾಯನ ಕೈಯಿಂದ ಚಮಚ ಜಾರಿತು. ಸಿರಿಲ್ ಮಾತ್ರ ಅಲ್ಲಾಡಲಿಲ್ಲ.

"ಗೊತ್ತು," ಎಂದ. "ಡಾಕ್ಟ್ರು ಕಣ್ಣಿಂದ ಅದರ ಪುಡಿ ತೆಗೆದು ತೋರ್ಸಿದ್ರು."

"ಮತ್ತೆ ಯಾಕೋ ಹೇಳ್ಲಿಲ್ಲ?"

"ನನ್ನ ಕೈಯಲ್ಲೂ ಒಂದಿತ್ತು, ಮೆತೋ. ಎರಡನೇ ಸುತ್ತಲ್ಲಿ ಎತ್ಕೊಂಡಿದ್ದೆ. ಆ ಕೈ ಬೀಸೋ ಮೊದಲೇ ನಿಂದು ಬಿತ್ತು ಅಷ್ಟೆ."

ಯುರಾಯ್ ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ಕಣ್ಣು ಹೊರಳಿಸಿದ. ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಿವಿಯಿಲ್ಲ. ಉಳಿದುದೆಲ್ಲ ಒಂದೇ ಅಚ್ಚು.

"ಇಬ್ರೂವಾ?" ಎಂದ.

"ಇಬ್ರೂ," ಎಂದ ಸಿರಿಲ್.

"ಇಬ್ರನ್ನೂ ಹೊರಗೆ ಹಾಕ್ಬೇಕಿತ್ತು. ಹಂಗಾದ್ರೆ ಕುಲುಮೆ ಯಾರ್ದು?"

"ಕುಲುಮೆ ಆರಿ ಐದು ತಿಂಗಳಾಯ್ತಲ್ಲಪ್ಪ."

ಮುದುಕ ಸಿರಿಲನ ಚೀಟಿಯನ್ನೊಮ್ಮೆ ನೋಡಿದ. ಆಮೇಲೆ ಎಡಗೈ ಎತ್ತಿ ಮತ್ತೆ ಮೇಜು ಕುಟ್ಟಿದ. "ಕುಲುಮೆ ಆರ್ಲಿ. ಇವನ ಚೀಟಿ ಕಮ್ಮಿ ಇದೆಯಲ್ಲ. ಹೊಡಿ."

ಸಿರಿಲ್ ಎದ್ದ. ಅಂಗಿಯ ತೋಳು ಮಡಿಸಿದ. ಇಪ್ಪತ್ತು ವರ್ಷಗಳಿಂದ ಸೀಮೆಸುಣ್ಣವಲ್ಲದೆ ಬೇರೇನನ್ನೂ ಎತ್ತದ ಕೈಯನ್ನು ಹಿಂದಕ್ಕೆ ಎಳೆದ. ಬೀಸಿದ. ಒಂದೇ ಕಣ್ಣಿನವನಿಗೆ ದೂರದ ಅಂದಾಜು ಸಿಕ್ಕುವುದಿಲ್ಲ. ಕೈ ಮೆತೋದನ ಮೂಗಿನ ಮುಂದೆ ನಾಲ್ಕು ಅಂಗುಲ ಗಾಳಿಯನ್ನು ಸೀಳಿ ಹೋಗಿ ಬಾಗಿಲ ಚೌಕಟ್ಟಿಗೆ ಬಡಿಯಿತು. ಗೆಣ್ಣುಗಳ ಚರ್ಮ ಕಿತ್ತುಬಂತು. ಮೆತೋದನಿಗೆ ಆ ತಪ್ಪಿದ ಏಟಿನಿಂದಾದಷ್ಟು ನೋವು ಬೇರೆ ಯಾವ ಏಟಿನಿಂದಲೂ ಆಗಿರಲಿಲ್ಲ.

ಅವನು ತಮ್ಮನ ಮಣಿಕಟ್ಟನ್ನು ಹಿಡಿದು, ಗೆಣ್ಣು ಸುಲಿದ ಆ ಕೈಯ ಅಂಗೈಯನ್ನು ತಂದು ತನ್ನ ಕೆನ್ನೆಯ ಮೇಲೆ, ಕರಗಿದ ಕಿವಿಯ ಕೆಳಗೆ, ಒತ್ತಿ ಇಟ್ಟುಕೊಂಡ.

"ಇಲ್ಲಿದೀನಿ," ಎಂದ. "ಇಷ್ಟು ದೂರ. ನೋಡ್ಕೊಂಡ್ಯಾ?"

"ನೋಡ್ಕೊಂಡೆ."

"ಈಗ ಹಿಂದಕ್ಕೆ ತಗೊಂಡು ಬಿಡು."

ಎರಡನೆಯದು ತಪ್ಪಲಿಲ್ಲ. ಮೆತೋದ್ ಹಿಂದಿದ್ದ ಕುರ್ಚಿಯ ಸಮೇತ ಮಗುಚಿ ಒಲೆಗೆ ಬಡಿದು ಬಿದ್ದ. ದವಡೆಯ ಹಲ್ಲೊಂದು ನಾಲಿಗೆಯ ಮೇಲೆ ಸಡಿಲಗೊಂಡು ಬಂತು. ಪಕ್ಕದ ಮನೆಯ ನಾಯಿ ಬೊಗಳಿತು. ಅವನು ಎದ್ದು ತೊಟ್ಟಿಗೆ ರಕ್ತ ಉಗಿದ, ನಲ್ಲಿ ಬಿಟ್ಟ. ತಿರುಗಿ ನೋಡಿದಾಗ ಸಿರಿಲ್ ತನ್ನ ಅಂಗೈಯನ್ನೇ ದಿಟ್ಟಿಸುತ್ತಿದ್ದ.

"ಅಪ್ಪ ಇಷ್ಟು ವರ್ಷ ಹೆಂಗೆ ಹೊಡೆದ್ನೋ," ಎಂದ. "ಉರಿಯುತ್ತೆ."

ಮೆತೋದ್ ಮೊಳೆಗೆ ಸಿಕ್ಕಿಸಿದ್ದ ಟೋಪಿ ತೆಗೆದುಕೊಂಡ. ಬಾಗಿಲವರೆಗೆ ಹೋದವನಿಗೆ ಎಷ್ಟು ಸೀಸೆ ತರಬೇಕೆಂದೇ ತಿಳಿಯಲಿಲ್ಲ; ಇಪ್ಪತ್ತಮೂರು ವರ್ಷ ಅದು ತಮ್ಮನ ಕೆಲಸವಾಗಿತ್ತು.

"ಎಷ್ಟು ತರೋದೋ?"

"ಮೂರು," ಎಂದ ಸಿರಿಲ್, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸುತ್ತ. "ಅಪ್ಪಂಗೆ ಸಣ್ಣದು ತಾ. ದೊಡ್ಡ ಸೀಸೆ ಎಡಗೈಲಿ ನಿಲ್ಲಲ್ಲ."